ಲಾರಿ ಅಪಘಾತದ ಪರಿಹಾರ: ಠಾಣೆಯ ಕಾಗದದಿಂದ ಬ್ಯಾಂಕ್ ಖಾತೆವರೆಗೆ

ಲಾರಿ, ಟಿಪ್ಪರ್, ಟ್ಯಾಂಕರ್ ಗುದ್ದಿ ಮನೆಯವರು ಆಸ್ಪತ್ರೆ ಸೇರಿದಾಗ ಪರಿಹಾರದ ಮಾತೆತ್ತುವುದೇ ತಪ್ಪು ಎನಿಸುತ್ತದೆ. ಆದರೆ ಎರಡು ಮೂರು ವರ್ಷದ ಬಳಿಕ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿ ಎಷ್ಟು ಹಣ ಕೊಡಬೇಕೆಂದು ತೀರ್ಮಾನಿಸುವಾಗ ಅದರ ಮುಂದಿರುವುದು ಆ ಮೊದಲ ವಾರದಲ್ಲಿ ಹುಟ್ಟಿದ ಕಾಗದಗಳು. ಆಸ್ಪತ್ರೆಯಲ್ಲಿ ಡ್ಯೂಟಿ ಡಾಕ್ಟರು ಬರೆದ ಒಂದು ಸಾಲು, ಪೊಲೀಸರು ಗೀಚಿದ ಒಂದು ನಕ್ಷೆ, ಲಾರಿಯ ಹಿಂದಿನ ದೀಪ ಉರಿಯುತ್ತಿತ್ತೋ ಇಲ್ಲವೋ ಎಂಬ ಒಂದು ಟಿಪ್ಪಣಿ, ಇವುಗಳ ಮೇಲೆ ಲಕ್ಷಗಳು ಹೆಚ್ಚುಕಡಿಮೆಯಾಗುತ್ತವೆ. ಗಾಯಾಳುವಿನ ಹತ್ತಿರ ಒಬ್ಬರು ಇರಲಿ, ಕಾಗದದ ಹಿಂದೆ ಇನ್ನೊಬ್ಬರು ಓಡಾಡಲಿ. ಕುಟುಂಬಕ್ಕೆ ಕೊಡಬಹುದಾದ ಮೊದಲ ಸಲಹೆ ಇದೇ.

ಮೊದಲ ಎರಡು ದಿನ

ಸ್ಥಳದಿಂದ 112ಕ್ಕೆ ಅಥವಾ 108ಕ್ಕೆ ಕರೆ ಮಾಡಿ. ರಾಷ್ಟ್ರೀಯ ಹೆದ್ದಾರಿಯಾದರೆ 1033 ಕೂಡ ಇದೆ. ಕರೆ ಮಾಡಿದ ಸಮಯ ದಾಖಲಾಗುತ್ತದೆ, ಅದೇ ಮುಂದೆ ಸಾಕ್ಷ್ಯ. ಗಾಯಾಳುವನ್ನು ಆಸ್ಪತ್ರೆಗೆ ಸೇರಿಸಿದವರನ್ನು ಸಾಕ್ಷಿಯಾಗಬೇಕೆಂದು ಯಾರೂ ಒತ್ತಾಯಿಸುವಂತಿಲ್ಲ, ಮೋಟಾರು ವಾಹನ ಕಾಯ್ದೆಯ 134ಎ ಕಲಮು ಅವರಿಗೆ ರಕ್ಷಣೆ ಕೊಟ್ಟಿದೆ. ಆದರೂ ಕಣ್ಣಾರೆ ಕಂಡವರ ಹೆಸರು, ಫೋನ್ ನಂಬರ್ ಕೇಳಿ ಇಟ್ಟುಕೊಳ್ಳಿ. ಮನಸ್ಸಿದ್ದವರು ಮುಂದೆ ಬಂದೇ ಬರುತ್ತಾರೆ.

ಚಿಕಿತ್ಸೆಯ ದುಡ್ಡಿಗಾಗಿ ಪರದಾಡುವ ಮೊದಲು, 2025ರ ಮೇ ತಿಂಗಳಿಂದ ಜಾರಿಯಲ್ಲಿರುವ ನಗದುರಹಿತ ಚಿಕಿತ್ಸೆ ಯೋಜನೆಯ ಬಗ್ಗೆ ಆಸ್ಪತ್ರೆಯಲ್ಲಿ ವಿಚಾರಿಸಿ. ರಸ್ತೆ ಅಪಘಾತದ ಪ್ರತಿ ಗಾಯಾಳುವಿಗೆ, ಅಪಘಾತವಾದ ದಿನದಿಂದ 7 ದಿನಗಳವರೆಗೆ, 1.5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಇದರಡಿ ಸಿಗುತ್ತದೆ. ಯೋಜನೆಗೆ ಗುರುತಿಸಿದ ಆಸ್ಪತ್ರೆಯಾಗಿರಬೇಕು, ಪೊಲೀಸರು ಅಪಘಾತವನ್ನು ದೃಢಪಡಿಸಬೇಕು. ಹಾಗಾಗಿ ಠಾಣೆಗೆ ಮಾಹಿತಿ ತಡವಾದಷ್ಟೂ ಈ ಸೌಲಭ್ಯ ಕೈತಪ್ಪುತ್ತದೆ.

ಆಸ್ಪತ್ರೆಯಲ್ಲಿ ಎಂಎಲ್‌ಸಿ (ಪೊಲೀಸರಿಗೆ ತಿಳಿಸಬೇಕಾದ ಮೆಡಿಕೋ-ಲೀಗಲ್ ಕೇಸ್) ದಾಖಲು ಮಾಡುವಾಗ ಜತೆಗಿದ್ದವರು ಏನು ಹೇಳುತ್ತಾರೋ ಅದನ್ನೇ ಬರೆದುಕೊಳ್ಳುತ್ತಾರೆ. ಗಾಬರಿಯಲ್ಲಿ ಯಾರೋ ‘ಬೈಕಿನಿಂದ ಬಿದ್ದರು’ ಅಂದರೆ ಕೇಸ್ ಶೀಟಿನಲ್ಲಿ ‘ತಾನೇ ಬಿದ್ದು ಗಾಯ’ ಎಂದಾಗಿಬಿಡುತ್ತದೆ. ವಿಮಾ ಕಂಪನಿಯ ವಕೀಲರು ಮೊದಲು ಹುಡುಕುವುದೇ ಈ ಸಾಲನ್ನು: ಲಾರಿ ತಗುಲೇ ಇಲ್ಲ, ಆಮೇಲೆ ಸೇರಿಸಿದ ಕಥೆ ಎಂದು ವಾದಿಸಲು. ‘ಲಾರಿ ಡಿಕ್ಕಿ ಹೊಡೆದು’ ಎಂದು ಸ್ಪಷ್ಟವಾಗಿ ಬರೆಸಿ, ನಂಬರ್ ಗೊತ್ತಿದ್ದರೆ ಅದನ್ನೂ ಸೇರಿಸಿ. ತಪ್ಪು ಬರೆದಿದ್ದಾರೆಂದು ಗೊತ್ತಾದ ದಿನವೇ ಡಾಕ್ಟರಿಂದ ಸಹಿ, ತಾರೀಖು ಸಮೇತ ತಿದ್ದುಪಡಿ ಮಾಡಿಸಿ. ನಾಲ್ಕು ತಿಂಗಳ ಮೇಲೆ ಮಾಡಿಸಿದ ತಿದ್ದುಪಡಿ ಇರುವ ಅನುಮಾನವನ್ನು ಹೆಚ್ಚಿಸುತ್ತದೆ.

ದೂರು ಕೊಡುವುದು ಒಂದೆರಡು ದಿನ ತಡವಾದರೆ ಪ್ರಕರಣ ಬಿದ್ದುಹೋಗುವುದಿಲ್ಲ. ಗಾಯಾಳುವನ್ನು ಉಳಿಸಿಕೊಳ್ಳುವುದೇ ಮೊದಲ ಕೆಲಸ ಎಂಬುದನ್ನು ಸುಪ್ರೀಂ ಕೋರ್ಟ್ ಒಪ್ಪಿದೆ. ಆದರೆ ತಡವಾದದ್ದು ಏಕೆ ಎಂಬುದು ದೂರಿನಲ್ಲೇ ಇರಬೇಕು. ಎಫ್‌ಐಆರ್‌ನಲ್ಲಿ ಭಾರತೀಯ ನ್ಯಾಯ ಸಂಹಿತೆಯ 281 ಮತ್ತು 125ನೇ ಕಲಮುಗಳು, ಸಾವಾಗಿದ್ದರೆ 106(1) ಇವೆಯೇ ನೋಡಿ. ಎಫ್‌ಐಆರ್ ಪ್ರತಿ ದೂರುದಾರರಿಗೆ ಉಚಿತ.

ಗಾಯಾಳು ಆಸ್ಪತ್ರೆಯಿಂದ ಮನೆಗೆ ಬಂದು, ಮೂರು ನಾಲ್ಕು ವಾರದ ಮೇಲೆ ತೀರಿಕೊಂಡರೆ ಬಹಳಷ್ಟು ಮನೆಗಳಲ್ಲಿ ಠಾಣೆಗೆ ತಿಳಿಸದೆ ಅಂತ್ಯಕ್ರಿಯೆ ಮುಗಿಸಿಬಿಡುತ್ತಾರೆ. ಆ ದುಃಖದಲ್ಲಿ ಮತ್ತೆ ಶವಾಗಾರಕ್ಕೆ ಕೊಂಡೊಯ್ಯಲು ಮನಸ್ಸು ಬಾರದಿರುವುದು ಸಹಜ. ಆದರೆ ಮರಣೋತ್ತರ ಪರೀಕ್ಷೆ ಇಲ್ಲದಿದ್ದರೆ ಅಪಘಾತದ ಗಾಯದಿಂದಲೇ ಸಾವು ಎಂಬುದನ್ನು ಸಾಬೀತುಪಡಿಸುವುದು ಕಷ್ಟ. ‘ಸಹಜ ಸಾವು’ ಎಂದು ಕಂಪನಿ ವಾದಿಸುತ್ತದೆ, ಸಾವಿನ ಪರಿಹಾರ ಗಾಯದ ಪರಿಹಾರಕ್ಕೆ ಇಳಿದುಬಿಡುತ್ತದೆ. ಎಷ್ಟೇ ಕಷ್ಟವಾದರೂ ಠಾಣೆಗೆ ತಿಳಿಸಿ, ಮರಣೋತ್ತರ ಪರೀಕ್ಷೆ ಮಾಡಿಸಿ.

ಲಾರಿ ಕದಲುವ ಮೊದಲು

ಕಾರು, ಬೈಕಿನ ಅಪಘಾತಕ್ಕೂ ಲಾರಿಯ ಅಪಘಾತಕ್ಕೂ ಇರುವ ಮುಖ್ಯ ವ್ಯತ್ಯಾಸವೆಂದರೆ, ಲಾರಿ ತಾನು ಹೋದಲ್ಲೆಲ್ಲ ಗುರುತು ಬಿಟ್ಟಿರುತ್ತದೆ. ಎಲ್ಲಿ ಲೋಡ್ ಆಯಿತು, ಎಷ್ಟು ತೂಕ, ಯಾವ ಟೋಲ್ ಎಷ್ಟು ಗಂಟೆಗೆ ದಾಟಿತು ಎಂಬುದೆಲ್ಲ ಎಲ್ಲೋ ಒಂದು ಕಡೆ ಬರೆದಿರುತ್ತದೆ. ಇ-ವೇ ಬಿಲ್, ಟ್ರಾನ್ಸ್‌ಪೋರ್ಟ್ ಕಚೇರಿಯ ಎಲ್‌ಆರ್ (ಸರಕು ರವಾನೆಯ ರಸೀದಿ), ವೇಬ್ರಿಡ್ಜ್ ಚೀಟಿ, ಫಾಸ್ಟ್ಯಾಗ್ ಕಡಿತದ ವಿವರ, ಜಿಪಿಎಸ್ ಹಾಕಿಸಿದ್ದರೆ ಅದರ ದಾಖಲೆ. ಚಾಲಕ ರಾತ್ರಿಯಿಡೀ ನಿದ್ದೆಯಿಲ್ಲದೆ ಓಡಿಸಿದ್ದನೇ, ಹೆಚ್ಚುವರಿ ಲೋಡ್ ಇತ್ತೇ, ಕೊನೆಗೆ ಆ ಲಾರಿ ಆ ಹೊತ್ತಿಗೆ ಆ ರಸ್ತೆಯಲ್ಲಿ ಇತ್ತೇ ಎಂಬುದಕ್ಕೂ ಇವು ಉತ್ತರ ಹೇಳುತ್ತವೆ. ಇವುಗಳಲ್ಲಿ ಬೇಗ ಅಳಿಯುವುದು ಸಿಸಿಟಿವಿ. ಟೋಲ್, ಪೆಟ್ರೋಲ್ ಬಂಕ್, ಡಾಬಾಗಳ ಕ್ಯಾಮೆರಾದಲ್ಲಿ ಹಳೆಯ ದೃಶ್ಯದ ಮೇಲೆ ಹೊಸದು ಕೂರುತ್ತಲೇ ಇರುತ್ತದೆ. ದೃಶ್ಯವನ್ನು ಕಾಯ್ದಿಡುವಂತೆ ತನಿಖಾಧಿಕಾರಿಗೂ ಆ ಜಾಗದ ಮ್ಯಾನೇಜರಿಗೂ ಅದೇ ವಾರ ಲಿಖಿತ ಅರ್ಜಿ ಕೊಟ್ಟು, ನಕಲಿನ ಮೇಲೆ ಸ್ವೀಕೃತಿ ಪಡೆಯಿರಿ.

ರಾತ್ರಿ ಹೊತ್ತು ರಸ್ತೆಯಲ್ಲೇ ನಿಂತ ಲಾರಿಗೆ ಹಿಂದಿನಿಂದ ಬೈಕ್ ಅಥವಾ ಕಾರು ಗುದ್ದಿದ ಪ್ರಕರಣಗಳು ಅತ್ಯಂತ ಕಠಿಣ. ಸತ್ತವರ ಮೇಲೇ ಅಜಾಗರೂಕತೆಯ ಕೇಸು ದಾಖಲಾಗಿ ಫೈಲು ಮುಚ್ಚಿಹೋಗುವುದುಂಟು. ಇಲ್ಲಿ ಕುಟುಂಬದವರು ಸುಮ್ಮನಿರಬಾರದು. ಸಾರ್ವಜನಿಕ ಜಾಗದಲ್ಲಿ ಅಪಾಯವಾಗುವ ರೀತಿಯಲ್ಲಿ ವಾಹನ ನಿಲ್ಲಿಸುವುದನ್ನು ಕಾಯ್ದೆಯ 122ನೇ ಕಲಮು ನಿಷೇಧಿಸಿದೆ. ಹಾಗಾಗಿ ಸ್ಥಳ ಮಹಜರಿನಲ್ಲಿ ಈ ಸಂಗತಿಗಳು ಇರಲೇಬೇಕು: ಲಾರಿಯ ಎಷ್ಟು ಭಾಗ ಡಾಂಬರಿನ ಮೇಲಿತ್ತು, ರಸ್ತೆಯ ಅಗಲ ಎಷ್ಟು, ಪಾರ್ಕಿಂಗ್ ದೀಪ ಅಥವಾ ಇಂಡಿಕೇಟರ್ ಹಾಕಿತ್ತೇ, ಹಿಂದೆ ಎಚ್ಚರಿಕೆಯ ತ್ರಿಕೋನ ಇಟ್ಟಿದ್ದರೇ, ಬೀದಿದೀಪವಿತ್ತೇ. ಲಾರಿಯ ಹಿಂಬದಿಯ ಪ್ರತಿಫಲಕ ಪಟ್ಟಿ ಕೆಸರಿನಲ್ಲಿ ಮುಚ್ಚಿತ್ತೇ, ವಾಹನ ಕೆಳಗೆ ನುಗ್ಗದಂತೆ ತಡೆಯುವ ಹಿಂದಿನ ಅಡ್ಡಪಟ್ಟಿ ಇತ್ತೇ, ತುಂಡಾಗಿತ್ತೇ ಎಂಬುದನ್ನು ನಿಮ್ಮ ಫೋನಿನಲ್ಲಿ ಚಿತ್ರ ತೆಗೆದಿಡಿ. ಮಹಜರು ಸಾಮಾನ್ಯವಾಗಿ ಮಾರನೆಯ ದಿನ ನಡೆಯುತ್ತದೆ; ಮನೆಯವರೊಬ್ಬರು ಅಲ್ಲಿರಲಿ. ಆ ಹೊತ್ತಿಗೆ ಲಾರಿಯನ್ನು ಪಕ್ಕಕ್ಕೆ ಸರಿಸಿರುತ್ತಾರೆ, ನಕ್ಷೆಯಲ್ಲಿ ಸರಿಸಿದ ಜಾಗವೇ ‘ನಿಂತಿದ್ದ ಜಾಗ’ ಆಗಿಬಿಡುತ್ತದೆ. ಒಡೆದ ಗಾಜು, ಎಣ್ಣೆಯ ಕಲೆ, ಬ್ರೇಕಿನ ಗುರುತು ಎಲ್ಲಿದೆಯೆಂದು ತೋರಿಸಿ ನಕ್ಷೆಗೆ ಸೇರಿಸಿ ಎಂದು ಕೇಳಿ. ತನಿಖೆ ತಪ್ಪು ದಾರಿ ಹಿಡಿದಿದೆ ಎನಿಸಿದರೆ ಡಿವೈಎಸ್‌ಪಿ ಅಥವಾ ಎಸ್‌ಪಿಗೆ ಲಿಖಿತವಾಗಿ ಬರೆಯಿರಿ. ಆ ಪತ್ರವೂ ಮುಂದೆ ನ್ಯಾಯಮಂಡಳಿಯಲ್ಲಿ ನಿಮ್ಮ ಪರವಾದ ದಾಖಲೆಯೇ.

ಮೋಟಾರು ವಾಹನ ನಿರೀಕ್ಷಕರು ಕೊಡುವ ಐಎಂವಿ ವರದಿಯನ್ನು ಓದದೆ ಬಿಡಬೇಡಿ. ಬ್ರೇಕ್ ಸರಿಯಿತ್ತೇ, ಯಾವ ವಾಹನದ ಯಾವ ಭಾಗಕ್ಕೆ ಪೆಟ್ಟು ಎಂಬುದು ಅದರಲ್ಲಿರುತ್ತದೆ. ‘ಲಾರಿಯ ಎಡ ಮುಂಭಾಗ ಜಖಂ, ಬೈಕಿನ ಹಿಂಭಾಗ ಜಖಂ’ ಎಂಬ ಎರಡು ಸಾಲು ಹತ್ತು ಸಾಕ್ಷಿಗಳಿಗೆ ಸಮ.

ಲಾರಿಯ ಐದು ಕಾಗದ, ಕಂಪನಿಯ ತಕರಾರು

ಆರ್‌ಸಿ, ವಿಮಾ ಪಾಲಿಸಿ, ಪರ್ಮಿಟ್, ಎಫ್‌ಸಿ (ವಾಹನದ ಅರ್ಹತಾ ಪತ್ರ), ಚಾಲಕನ ಡಿಎಲ್: ಈ ಐದರ ಪ್ರತಿ ನಿಮಗೆ ಬೇಕು. ಮಾಲೀಕ, ಪಾಲಿಸಿ, ಎಫ್‌ಸಿ ಅವಧಿಯನ್ನು ವಾಹನದ ನಂಬರ್ ಹಾಕಿ ಪರಿವಾಹನ್ ತಾಣದಲ್ಲಿ ನೋಡಬಹುದು, ಉಳಿದದ್ದನ್ನು ತನಿಖಾಧಿಕಾರಿಯೇ ಕೊಡಬೇಕು. ಕಾಯ್ದೆಯ ಹೊಸ ನಿಯಮಗಳ ಪ್ರಕಾರ ತನಿಖಾಧಿಕಾರಿ 48 ಗಂಟೆಯೊಳಗೆ ಪ್ರಥಮ ಅಪಘಾತ ವರದಿಯನ್ನು ನ್ಯಾಯಮಂಡಳಿಗೂ ವಿಮಾ ಕಂಪನಿಗೂ ಕಳಿಸಬೇಕು, 50 ದಿನಗಳಲ್ಲಿ ಮಧ್ಯಂತರ ವರದಿ, 90 ದಿನಗಳಲ್ಲಿ ವಿವರವಾದ ವರದಿ ಸಲ್ಲಿಸಬೇಕು. ಸಂತ್ರಸ್ತರ ಹಕ್ಕುಗಳನ್ನು ತಿಳಿಸುವ ನಮೂನೆಯನ್ನು 10 ದಿನಗಳೊಳಗೆ ನಿಮ್ಮ ಕೈಗೆ ಕೊಡಬೇಕು. ಕೊಟ್ಟಿಲ್ಲವೆಂದರೆ ಕೇಳಿ ಪಡೆಯಿರಿ. ಕೇಳಿದವರ ಕಡತ ಬೇಗ ಚಲಿಸುತ್ತದೆ.

ಸಿಮೆಂಟ್ ಬಲ್ಕರ್, ಕಂಟೇನರ್‌ನಂಥ ಟ್ರೇಲರ್ ಗಾಡಿಯಾದರೆ ಎಳೆಯುವ ಮುಂಭಾಗಕ್ಕೆ ಮಾತ್ರವಲ್ಲ, ಹಿಂದಿನ ಟ್ರೇಲರಿಗೂ ಬೇರೆ ನೋಂದಣಿ, ಬೇರೆ ಪಾಲಿಸಿ ಇದೆಯೇ ನೋಡಿ. ಇದ್ದರೆ ಎರಡೂ ಕಂಪನಿಗಳನ್ನು ಎದುರುದಾರರಾಗಿ ಸೇರಿಸಿ. ಲಾರಿ ಮಾರಾಟವಾಗಿದೆ, ನಾನು ಮಾಲೀಕನಲ್ಲ ಎಂದು ಯಾರಾದರೂ ಹೇಳಿದರೆ ಗಲಿಬಿಲಿ ಬೇಡ. ಅಪಘಾತದ ದಿನ ಆರ್‌ಸಿಯಲ್ಲಿ ಯಾರ ಹೆಸರಿತ್ತೋ ಅವರೇ ಮಾಲೀಕರೆಂದು ಸುಪ್ರೀಂ ಕೋರ್ಟ್ 2018ರಲ್ಲಿ ಮತ್ತೆ ಸ್ಪಷ್ಟಪಡಿಸಿದೆ. ಕೊಂಡವರನ್ನೂ ಸೇರಿಸಿ, ಆರ್‌ಸಿಯಲ್ಲಿರುವವರನ್ನು ಬಿಡಬೇಡಿ.

ಇನ್ನು ಕಂಪನಿಯ ತಕರಾರು. ‘ಚಾಲಕನ ಬಳಿ ಸರಿಯಾದ ಲೈಸೆನ್ಸ್ ಇರಲಿಲ್ಲ, ಪರ್ಮಿಟ್ ಮುಗಿದಿತ್ತು, ಆದ್ದರಿಂದ ನಾವು ಹೊಣೆಯಲ್ಲ’ ಎಂಬ ಆಕ್ಷೇಪಣೆ ಬಹುತೇಕ ಎಲ್ಲ ಲಾರಿ ಪ್ರಕರಣಗಳಲ್ಲೂ ಬರುತ್ತದೆ. ಒಟ್ಟು ತೂಕ 7,500 ಕೆ.ಜಿ. ಒಳಗಿನ ಸರಕು ವಾಹನವನ್ನು ಲಘು ವಾಹನದ ಲೈಸೆನ್ಸಿನಲ್ಲೇ ಓಡಿಸಬಹುದೆಂದು 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಹೇಳಿದೆ. ಚಿಕ್ಕ ಸರಕು ಗಾಡಿಗಳ ಮಟ್ಟಿಗೆ ಆ ತಕರಾರು ಅಲ್ಲಿಗೆ ಮುಗಿಯಿತು. ಅದಕ್ಕಿಂತ ದೊಡ್ಡ ಲಾರಿಯಾಗಿ, ಲೈಸೆನ್ಸೋ ಪರ್ಮಿಟ್ಟೋ ಇಲ್ಲದಿದ್ದರೂ ರಸ್ತೆಯಲ್ಲಿದ್ದ ಮೂರನೇ ವ್ಯಕ್ತಿಗೆ ಕಂಪನಿ ಮೊದಲು ಹಣ ಕೊಡಲಿ, ಆಮೇಲೆ ಮಾಲೀಕನಿಂದ ವಸೂಲು ಮಾಡಿಕೊಳ್ಳಲಿ ಎಂದು ಆದೇಶಿಸುವ ಪದ್ಧತಿ ಗಟ್ಟಿಯಾಗಿ ನಿಂತಿದೆ. ನ್ಯಾಯಮಂಡಳಿ ಬರೀ ‘ಮಾಲೀಕನೇ ಕೊಡಬೇಕು’ ಎಂದು ಬರೆದು ಬಿಟ್ಟರೆ ಆ ಆದೇಶ ನಿಮ್ಮ ಕೈಗೆ ದುಡ್ಡಾಗಿ ಬರುವುದು ಅನುಮಾನ. ‘ಮೊದಲು ಪಾವತಿ, ನಂತರ ವಸೂಲಿ’ ಎಂಬ ಪ್ರಾರ್ಥನೆ ವಾದದಲ್ಲಿ ಇರಲೇಬೇಕೆಂದು ನಿಮ್ಮ ವಕೀಲರಿಗೆ ಹೇಳಿ.

ಈ ರಕ್ಷಣೆ ತಲುಪದ ಒಂದು ಜಾಗವಿದೆ. ಸರಕು ಲಾರಿಯಲ್ಲಿ ಪ್ರಯಾಣಿಕರಾಗಿ ಕೂತು ಹೋದವರಿಗೆ, ಅಂದರೆ ಜಾತ್ರೆಗೋ ಮದುವೆಗೋ ಹತ್ತಿಕೊಂಡವರಿಗೆ, ಪರಿಹಾರ ಕೊಡುವ ಹೊಣೆ ಕಂಪನಿಗೆ ಇಲ್ಲವೆಂದು 2003ರಲ್ಲೇ ತೀರ್ಮಾನವಾಗಿದೆ. ಆದರೆ ತನ್ನ ಸರಕಿನ ಜತೆ ಹೋಗುತ್ತಿದ್ದ ಮಾಲೀಕ ಅಥವಾ ಅವರ ಪ್ರತಿನಿಧಿ ಈ ಗುಂಪಿಗೆ ಸೇರುವುದಿಲ್ಲ. ಟೊಮೆಟೊ ಕ್ರೇಟಿನ ಜತೆ ಮಾರುಕಟ್ಟೆಗೆ ಹೊರಟಿದ್ದ ರೈತ ಪಾಲಿಸಿಯ ವ್ಯಾಪ್ತಿಯೊಳಗೇ ಇದ್ದಾರೆ. ಅವರು ತೋರಿಸಬೇಕಾದದ್ದು ಎಪಿಎಂಸಿ ಚೀಟಿ, ಲೋಡಿಂಗ್ ಬಿಲ್, ಮಹಜರಿನಲ್ಲಿ ಚೆಲ್ಲಿದ ಸರಕಿನ ಉಲ್ಲೇಖ. ಲಾರಿಯ ಚಾಲಕ, ಕ್ಲೀನರ್ ಗಾಯಗೊಂಡರೆ ಅವರಿಗೆ ಕಾರ್ಮಿಕ ಪರಿಹಾರದ ದಾರಿಯೂ ಉಂಟು, ಮೋಟಾರು ವಾಹನ ಕಾಯ್ದೆಯ ದಾರಿಯೂ ಉಂಟು. 167ನೇ ಕಲಮಿನಂತೆ ಎರಡರಲ್ಲಿ ಒಂದನ್ನು ಮಾತ್ರ ಆರಿಸಿಕೊಳ್ಳಬೇಕು. ತಪ್ಪು ತಮ್ಮದೇ ಆಗಿದ್ದ ಚಾಲಕರಿಗೆ ಕಾರ್ಮಿಕ ಪರಿಹಾರವೇ ಸುರಕ್ಷಿತ, ಅಲ್ಲಿ ಯಾರ ತಪ್ಪು ಎಂಬ ಪ್ರಶ್ನೆ ಏಳುವುದಿಲ್ಲ.

ಅರ್ಜಿ: ಯಾವ ಕಲಮು, ಎಲ್ಲಿ, ಎಷ್ಟು ದಿನದೊಳಗೆ

ಲಾರಿ ಸಿಗಲೇ ಇಲ್ಲ, ನಂಬರೂ ಗೊತ್ತಿಲ್ಲ ಎಂದಾದರೆ 161ನೇ ಕಲಮಿನ ಗುದ್ದೋಡು (ಹಿಟ್ ಅಂಡ್ ರನ್) ಪರಿಹಾರ: ಸಾವಿಗೆ 2 ಲಕ್ಷ, ತೀವ್ರ ಗಾಯಕ್ಕೆ 50,000 ರೂಪಾಯಿ. ಇದಕ್ಕೆ ನ್ಯಾಯಮಂಡಳಿ ಬೇಡ. ಅಪಘಾತವಾದ ತಾಲ್ಲೂಕು ಅಥವಾ ಉಪವಿಭಾಗದ ಕ್ಲೇಮು ವಿಚಾರಣಾಧಿಕಾರಿಗೆ ಅರ್ಜಿ ಕೊಡಬೇಕು, ಮಂಜೂರು ಮಾಡುವವರು ಜಿಲ್ಲಾಧಿಕಾರಿ ಮಟ್ಟದ ಅಧಿಕಾರಿ. ಮುಂದೆ ಲಾರಿ ಪತ್ತೆಯಾಗಿ ದೊಡ್ಡ ಪರಿಹಾರ ಬಂದರೆ ಈ ಮೊತ್ತ ಅದರಲ್ಲಿ ಕಳೆಯುತ್ತದೆ.

ಲಾರಿ ಸಿಕ್ಕಿದ್ದರೆ ಎರಡು ದಾರಿ. 164ನೇ ಕಲಮಿನಲ್ಲಿ ತಪ್ಪು ಯಾರದೆಂದು ಸಾಬೀತುಪಡಿಸಬೇಕಿಲ್ಲ: ಸಾವಿಗೆ 5 ಲಕ್ಷ, ತೀವ್ರ ಗಾಯಕ್ಕೆ 2.5 ಲಕ್ಷ, ಅಷ್ಟೇ. 166ನೇ ಕಲಮಿನಲ್ಲಿ ಚಾಲಕನ ಅಜಾಗರೂಕತೆ ತೋರಿಸಬೇಕು, ಆದರೆ ಮೊತ್ತಕ್ಕೆ ಮಿತಿಯಿಲ್ಲ. ಕಂಪನಿಯ ಅಧಿಕಾರಿ ಮನೆಗೆ ಬಂದು ‘ಐದು ಲಕ್ಷ ಈಗಲೇ ಕೊಡಿಸುತ್ತೇವೆ, ಸಹಿ ಹಾಕಿ’ ಎಂದರೆ ಇಲ್ಲಿ ನಿಂತು ಯೋಚಿಸಿ. 164ರಡಿ ಆ ಹಣ ಒಪ್ಪಿಕೊಂಡರೆ 166ರ ಅರ್ಜಿ ಅಲ್ಲಿಗೆ ಮುಗಿದಂತೆ ಎಂದು ಕಾಯ್ದೆಯೇ ಹೇಳುತ್ತದೆ. ದುಡಿಯುವ ವಯಸ್ಸಿನವರು ತೀರಿಕೊಂಡ ಮನೆಗೆ ಇದರಿಂದ ಆಗುವ ನಷ್ಟ ಎಷ್ಟೆಂದು ಮುಂದಿನ ಲೆಕ್ಕದಲ್ಲಿ ಕಾಣುತ್ತದೆ. ಮೃತರೇ ತಪ್ಪು ಮಾಡಿದ್ದಾರೆಂದು ದಾಖಲೆಗಳೆಲ್ಲ ಹೇಳುವ ಪ್ರಕರಣದಲ್ಲಿ ಮಾತ್ರ 164 ವಿವೇಕದ ಆಯ್ಕೆ.

ಅರ್ಜಿಯನ್ನು ಅಪಘಾತ ನಡೆದ ಊರಿನಲ್ಲೇ ಹಾಕಬೇಕೆಂದಿಲ್ಲ. ನೀವು ವಾಸಿಸುವ ಅಥವಾ ವ್ಯಾಪಾರ ಮಾಡುವ ಜಾಗದ ನ್ಯಾಯಮಂಡಳಿಗೂ ಹಾಕಬಹುದು, ಎದುರುದಾರರ ಊರಿನಲ್ಲೂ ಹಾಕಬಹುದು. ದೂರದ ಹೆದ್ದಾರಿಯಲ್ಲಿ ಆದ ಅಪಘಾತಕ್ಕೆ ನಿಮ್ಮ ತಾಲ್ಲೂಕಿನ ಹಿರಿಯ ಸಿವಿಲ್ ನ್ಯಾಯಾಲಯದ ನ್ಯಾಯಮಂಡಳಿಯೇ ಸಾಕು. ಬೆಂಗಳೂರಿನಲ್ಲಾದರೆ ಸ್ಮಾಲ್ ಕಾಸಸ್ ಕೋರ್ಟು. ಓಡಾಟ ಉಳಿಯುತ್ತದೆ, ನಿಮಗೆ ಚಿಕಿತ್ಸೆ ಕೊಟ್ಟ ಡಾಕ್ಟರನ್ನು ಸಾಕ್ಷಿಗೆ ಕರೆಸುವುದೂ ಸುಲಭ.

ಗಡುವು ಆರು ತಿಂಗಳು. 2022ರ ಏಪ್ರಿಲ್ 1ರಿಂದ ಜಾರಿಗೆ ಬಂದ 166(3) ಹೀಗೆನ್ನುತ್ತದೆ. ಈ ಮಿತಿಯನ್ನು ಪ್ರಶ್ನಿಸಿದ ಅರ್ಜಿಗಳು ಸುಪ್ರೀಂ ಕೋರ್ಟಿನ ಮುಂದಿವೆ, ತಡವಾಯಿತೆಂಬ ಒಂದೇ ಕಾರಣಕ್ಕೆ ಅರ್ಜಿ ವಜಾ ಮಾಡಬಾರದೆಂದು 2025ರ ನವೆಂಬರ್‌ನಲ್ಲಿ ಮಧ್ಯಂತರ ಆದೇಶವೂ ಬಂದಿದೆ. ಗಡುವು ಮೀರಿದವರು ಕೈಚೆಲ್ಲದೆ ವಕೀಲರನ್ನು ಕಾಣಬೇಕು. ಗಡುವಿನೊಳಗೆ ಇರುವವರು ಈ ಆದೇಶವನ್ನು ನಂಬಿ ಒಂದು ದಿನವೂ ಮುಂದೂಡಬಾರದು. ಚಾರ್ಜ್‌ಶೀಟ್ ಬರಲಿ, ಚಿಕಿತ್ಸೆ ಮುಗಿಯಲಿ ಎಂದು ಕಾಯುವುದು ಎಲ್ಲರೂ ಮಾಡುವ ತಪ್ಪು. ಅರ್ಜಿ ಹಾಕಿ, ಉಳಿದ ದಾಖಲೆಗಳನ್ನು ಆಮೇಲೆ ಸೇರಿಸಬಹುದು. ಬಡ್ಡಿ ಕೂಡ ಸಾಮಾನ್ಯವಾಗಿ ಅರ್ಜಿ ಹಾಕಿದ ದಿನದಿಂದಲೇ ಲೆಕ್ಕ.

ವಕೀಲರನ್ನು ನೀವೇ ಆರಿಸಿ. ಆಸ್ಪತ್ರೆಯ ವಾರ್ಡಿಗೆ ಬಂದು ಖಾಲಿ ವಕಾಲತ್ತಿಗೆ, ಖಾಲಿ ಬಾಂಡ್ ಪೇಪರಿಗೆ ಸಹಿ ಕೇಳುವ ಏಜೆಂಟರನ್ನು ಹತ್ತಿರ ಸೇರಿಸಬೇಡಿ. ಪರಿಹಾರದಲ್ಲಿ ಇಷ್ಟು ಪಾಲು ಎಂದು ಶುಲ್ಕ ನಿಗದಿ ಮಾಡುವುದು ಬಾರ್ ಕೌನ್ಸಿಲ್ ನಿಯಮಕ್ಕೆ ವಿರುದ್ಧ. ಹೆಣ್ಣುಮಕ್ಕಳು, ಮಕ್ಕಳು, ಅಂಗವಿಕಲರು, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯ ನೋಡದೆ ಉಚಿತ ವಕೀಲರು ಸಿಗುತ್ತಾರೆ. ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಿ, ಅಥವಾ 15100ಕ್ಕೆ ಕರೆ ಮಾಡಿ.

ಸಾವಿನ ಪ್ರಕರಣದ ಲೆಕ್ಕ

ಇದು ಊಹೆಯ ಮೊತ್ತವಲ್ಲ, ಸೂತ್ರವಿದೆ. ಸುಪ್ರೀಂ ಕೋರ್ಟಿನ 2009ರ ಸರಳಾ ವರ್ಮಾ ತೀರ್ಪು ಗುಣಕವನ್ನು, ಅಂದರೆ ವರ್ಷದ ನಷ್ಟವನ್ನು ಎಷ್ಟರಿಂದ ಗುಣಿಸಬೇಕೆಂಬ ಸಂಖ್ಯೆಯನ್ನು, ನಿಗದಿ ಮಾಡಿತು, 2017ರ ಪ್ರಣಯ್ ಸೇಠಿ ತೀರ್ಪು ಭವಿಷ್ಯದ ಆದಾಯ ಏರಿಕೆಯನ್ನು ಸೇರಿಸಿತು. ಮೃತರ ವಯಸ್ಸು 15ರಿಂದ 25 ಆದರೆ ಗುಣಕ 18. 26ರಿಂದ 30ಕ್ಕೆ 17, 31ರಿಂದ 35ಕ್ಕೆ 16, 36ರಿಂದ 40ಕ್ಕೆ 15, 41ರಿಂದ 45ಕ್ಕೆ 14, 46ರಿಂದ 50ಕ್ಕೆ 13, 51ರಿಂದ 55ಕ್ಕೆ 11, 56ರಿಂದ 60ಕ್ಕೆ 9, 61ರಿಂದ 65ಕ್ಕೆ 7, ಅದರ ಮೇಲೆ 5.

ಆದಾಯಕ್ಕೆ ಸೇರಿಸುವ ಏರಿಕೆ ಹೀಗೆ: ಕಾಯಂ ನೌಕರರಿಗೆ 40ರ ಒಳಗೆ ಶೇ 50, 40ರಿಂದ 50ಕ್ಕೆ ಶೇ 30, 50ರಿಂದ 60ಕ್ಕೆ ಶೇ 15. ಸ್ವಂತ ದುಡಿಮೆಯವರಿಗೆ, ನಿಗದಿತ ಸಂಬಳದವರಿಗೆ ಕ್ರಮವಾಗಿ ಶೇ 40, 25, 10. ಮೃತರು ತಮಗೇ ಖರ್ಚು ಮಾಡಿಕೊಳ್ಳುತ್ತಿದ್ದ ಪಾಲನ್ನು ಕಳೆಯುತ್ತಾರೆ: ಅವಿವಾಹಿತರಾದರೆ ಸಾಮಾನ್ಯವಾಗಿ ಅರ್ಧ, ಅವಲಂಬಿತರು 2–3 ಇದ್ದರೆ ಮೂರನೇ ಒಂದು, 4ರಿಂದ 6 ಇದ್ದರೆ ನಾಲ್ಕನೇ ಒಂದು, ಅದಕ್ಕಿಂತ ಹೆಚ್ಚಿದ್ದರೆ ಐದನೇ ಒಂದು.

ಒಂದು ಉದಾಹರಣೆ. 34 ವರ್ಷದ ಎಲೆಕ್ಟ್ರಿಷಿಯನ್, ತಿಂಗಳಿಗೆ 18,000 ರೂಪಾಯಿ ದುಡಿಮೆ. ಹೆಂಡತಿ, ಇಬ್ಬರು ಮಕ್ಕಳು, ತಾಯಿ ಅವಲಂಬಿತರು. 18,000ಕ್ಕೆ ಶೇ 40 ಸೇರಿಸಿದರೆ 25,200. ನಾಲ್ಕನೇ ಒಂದು ಕಳೆದರೆ 18,900. ವರ್ಷಕ್ಕೆ 2,26,800. ಗುಣಕ 16ರಿಂದ ಗುಣಿಸಿದರೆ 36,28,800 ರೂಪಾಯಿ. ಇದರ ಮೇಲೆ ಆಸ್ತಿ ನಷ್ಟಕ್ಕೆ 15,000, ಅಂತ್ಯಕ್ರಿಯೆಗೆ 15,000, ಸಾಂಗತ್ಯ ನಷ್ಟಕ್ಕೆ (ಮೃತರ ಒಡನಾಟ, ಆಸರೆ ಕಳೆದುಕೊಂಡದ್ದಕ್ಕೆ) 40,000 ಎಂದು 2017ರಲ್ಲಿ ನಿಗದಿಯಾದ ಮೊತ್ತಗಳು, ಮೂರು ವರ್ಷಕ್ಕೊಮ್ಮೆ ಶೇ 10ರಂತೆ ಏರಿಸಿ ಸೇರುತ್ತವೆ. ಸಾಂಗತ್ಯ ನಷ್ಟ ಹೆಂಡತಿಗೆ ಮಾತ್ರವಲ್ಲ, ಮಕ್ಕಳಿಗೂ ತಂದೆತಾಯಿಗೂ ಒಬ್ಬೊಬ್ಬರಿಗೆ ಬೇರೆಯಾಗಿ ಸಿಗಬೇಕಾದದ್ದು. 164ರ ಐದು ಲಕ್ಷವನ್ನು ಈ ಮೊತ್ತದ ಪಕ್ಕದಲ್ಲಿಟ್ಟು ನೋಡಿ.

ಇಲ್ಲಿ ಜಗಳವಾಗುವುದು ಎರಡೇ ಸಂಖ್ಯೆಗೆ: ವಯಸ್ಸು ಮತ್ತು ಆದಾಯ. ವಯಸ್ಸು 35 ಅಲ್ಲ 36 ಎಂದಾದರೆ ಗುಣಕ ಒಂದು ಇಳಿಯಿತು, ಮೇಲಿನ ಲೆಕ್ಕದಲ್ಲಿ 2,26,800 ಹೋಯಿತು. ಜನ್ಮದಿನಾಂಕಕ್ಕೆ ಆಧಾರ್ ಪುರಾವೆಯಲ್ಲ ಎಂದು 2024ರಲ್ಲಿ ಸುಪ್ರೀಂ ಕೋರ್ಟ್ ಇಂಥದ್ದೇ ಪರಿಹಾರ ಪ್ರಕರಣದಲ್ಲಿ ಹೇಳಿ, ಶಾಲೆಯ ದಾಖಲೆಯನ್ನು ಎತ್ತಿಹಿಡಿದಿದೆ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ ಅಥವಾ ವರ್ಗಾವಣೆ ಪತ್ರ ಹುಡುಕಿ ತೆಗೆಯಿರಿ. ಆದಾಯಕ್ಕೆ ಸಂಬಳ ಚೀಟಿ, ಅಪಘಾತಕ್ಕೆ ಮೊದಲೇ ಸಲ್ಲಿಸಿದ ಐಟಿ ರಿಟರ್ನ್ಸ್, ಬ್ಯಾಂಕ್ ಪಾಸ್‌ಬುಕ್, ಯುಪಿಐ ಜಮೆಗಳು, ಹಾಲಿನ ಡೇರಿಯ ಪುಸ್ತಕ. ಅಪಘಾತದ ನಂತರ ತರಾತುರಿಯಲ್ಲಿ ಸಲ್ಲಿಸಿದ ರಿಟರ್ನ್ಸ್ ಯಾರನ್ನೂ ನಂಬಿಸುವುದಿಲ್ಲ. ರೈತರ ವಿಷಯದಲ್ಲಿ ಪಹಣಿಯೊಂದೇ ಸಾಲದು. ಜಮೀನು ಮಕ್ಕಳಿಗೇ ಉಳಿಯುತ್ತದಲ್ಲ, ನಷ್ಟವಾದದ್ದು ದುಡಿಮೆ ಮತ್ತು ಉಸ್ತುವಾರಿ ಮಾತ್ರ ಎಂದು ಲೆಕ್ಕ ಹಾಕುತ್ತಾರೆ. ಆದ್ದರಿಂದ ಮೃತರೇ ಖುದ್ದು ಉಳುಮೆ, ಹೈನು ನೋಡಿಕೊಳ್ಳುತ್ತಿದ್ದರೆಂಬ ಸಾಕ್ಷ್ಯ ಬೇಕು. ಏನೂ ದಾಖಲೆ ಇಲ್ಲದವರಿಗೆ ಅಪಘಾತವಾದ ವರ್ಷಕ್ಕೆ ತಕ್ಕಂತೆ ಅಂದಾಜು ಆದಾಯ ಹಿಡಿಯುತ್ತಾರೆ. ರಾಜ್ಯ ಕಾನೂನು ಸೇವಾ ಪ್ರಾಧಿಕಾರದ ಪಟ್ಟಿಯನ್ನು ಹೈಕೋರ್ಟ್ ಕೂಡ ಇದಕ್ಕೆ ಬಳಸುತ್ತದೆ. ನಿಮ್ಮ ವರ್ಷದ ಅಂಕಿಯನ್ನು ವಕೀಲರಿಂದ ಕೇಳಿಟ್ಟುಕೊಳ್ಳಿ. ಮನೆಯಲ್ಲೇ ಇದ್ದ ಗೃಹಿಣಿಯ ದುಡಿಮೆಗೂ ಬೆಲೆ ಕಟ್ಟಲೇಬೇಕೆಂಬುದು ಈಗ ಇತ್ಯರ್ಥವಾದ ಮಾತು. ಮೃತರ ಎಲ್‌ಐಸಿ ಹಣವನ್ನು ಪರಿಹಾರದಲ್ಲಿ ಕಳೆಯುವಂತಿಲ್ಲ.

ಗಾಯದ ಪ್ರಕರಣ: ಶೇಕಡಾವಾರು ಎಂಬ ಬಲೆ

ಗಾಯಾಳುಗಳು ಹಣ ಕಳೆದುಕೊಳ್ಳುವುದು ಹೆಚ್ಚಾಗಿ ಒಂದೇ ಕಡೆ. ಡಾಕ್ಟರು ‘ಬಲಗಾಲಿಗೆ ಶೇ 45 ಊನ’ ಎಂದು ಬರೆಯುತ್ತಾರೆ. ಅದರ ಮೂರನೇ ಒಂದನ್ನು ಇಡೀ ದೇಹದ ಊನವೆಂದು ಹಿಡಿದು ಶೇ 15 ಮಾಡುತ್ತಾರೆ. 38 ವರ್ಷದ, ತಿಂಗಳಿಗೆ 16,000 ದುಡಿಯುವ ಗಾರೆ ಕೆಲಸದವರಿಗೆ ಹೀಗೆ ಲೆಕ್ಕ ಹಾಕಿದರೆ 16,000 × 12 × 15 × ಶೇ 15, ಅಂದರೆ 4,32,000 ರೂಪಾಯಿ. ಆದರೆ ಕಾನೂನು ಕೇಳುವ ಪ್ರಶ್ನೆ ಬೇರೆ: ಈ ಕಾಲಿನಿಂದ ಈ ಮನುಷ್ಯ ತನ್ನ ಕೆಲಸವನ್ನು ಎಷ್ಟರ ಮಟ್ಟಿಗೆ ಮಾಡಬಲ್ಲ? ಸಾರುವೆ ಹತ್ತಲು ಆಗದ, ಕುಕ್ಕರುಗಾಲಿನಲ್ಲಿ ಕೂರಲು ಆಗದ ಗಾರೆಯವರ ದುಡಿಮೆಯ ನಷ್ಟ ಶೇ 40 ಎಂದು ಒಪ್ಪಿದರೆ ಮೊತ್ತ 11,52,000 ಆಗುತ್ತದೆ. ಅದೇ ಗಾಯ ಮೇಜಿನ ಮುಂದೆ ಕೂತು ಕೆಲಸ ಮಾಡುವವರಿಗೆ ಶೇ 10 ಆಗಬಹುದು, ಕಾಲು ತುಂಡಾದ ಚಾಲಕರಿಗೆ ಶೇ 100 ಆಗಬಹುದು. 2010ರಿಂದ ಸುಪ್ರೀಂ ಕೋರ್ಟ್ ಹೇಳುತ್ತ ಬಂದಿರುವುದು ಇದನ್ನೇ.

ಅದಕ್ಕಾಗಿ ಸಾಕ್ಷಿ ಹೇಳುವ ಡಾಕ್ಟರು ಎಷ್ಟು ಡಿಗ್ರಿ ಮಡಚುತ್ತದೆ ಎನ್ನುವಲ್ಲಿಗೆ ನಿಲ್ಲಿಸದೆ, ಭಾರ ಎತ್ತಲು, ಏಣಿ ಹತ್ತಲು, ಹೊತ್ತುಗಟ್ಟಲೆ ನಿಲ್ಲಲು ಆಗುತ್ತದೋ ಇಲ್ಲವೋ ಎಂಬುದನ್ನೂ ಹೇಳಬೇಕು. ಸಾಧ್ಯವಾದಷ್ಟು ಚಿಕಿತ್ಸೆ ಕೊಟ್ಟ ಡಾಕ್ಟರನ್ನೇ ಕರೆಸಿ. ಎಂದೂ ನೋಡದ ಡಾಕ್ಟರು ಕೊಟ್ಟ ಪ್ರಮಾಣಪತ್ರದ ಶೇಕಡಾವಾರನ್ನು ನ್ಯಾಯಮಂಡಳಿ ಕತ್ತರಿಸುತ್ತದೆ. ಹೊಸ ಎಕ್ಸ್‌ರೇ ತೆಗೆಸಿ, ಮೂಳೆ ಕೂಡಿದ ಮೇಲೆಯೇ ಊನದ ಮೌಲ್ಯಮಾಪನ ಮಾಡಿಸಿ. ರಾಡು, ಪ್ಲೇಟು ತೆಗೆಸಲು ಮುಂದೆ ಶಸ್ತ್ರಚಿಕಿತ್ಸೆ ಬೇಕಿದ್ದರೆ ಅದರ ಅಂದಾಜು ವೆಚ್ಚದ ಪತ್ರ ಈಗಲೇ ಸಲ್ಲಿಸಿ.

ಬಿಲ್ಲುಗಳ ವಿಷಯ ಚಿಕ್ಕದು. ಪ್ರತಿ ಔಷಧಿ ಬಿಲ್ಲಿಗೂ ಡಾಕ್ಟರ ಚೀಟಿ ಜೋಡಿಯಾಗಿರಲಿ, ಮೂಲ ಪ್ರತಿಯೇ ಇರಲಿ, ತಾರೀಖಿನ ಕ್ರಮದಲ್ಲಿ ಪಟ್ಟಿ ಮಾಡಿ. ಥರ್ಮಲ್ ಕಾಗದದ ಬಿಲ್ಲು ವರ್ಷದೊಳಗೆ ಬಿಳಿಯಾಗುತ್ತದೆ, ಅಂದೇ ಜೆರಾಕ್ಸ್ ಮಾಡಿಸಿ. ಆಂಬುಲೆನ್ಸ್, ಟ್ಯಾಕ್ಸಿ, ನೋಡಿಕೊಂಡವರ ಕೂಲಿ, ಕೆಲಸಕ್ಕೆ ಹೋಗಲಾಗದ ತಿಂಗಳುಗಳ ಸಂಬಳ, ನೋವು, ಇನ್ನು ಮುಂದೆ ಸಹಜವಾಗಿ ಬದುಕಲಾಗದ ನಷ್ಟ, ಎಲ್ಲಕ್ಕೂ ಬೇರೆ ಬೇರೆ ಶೀರ್ಷಿಕೆಯಿದೆ. ಕೇಳದಿದ್ದರೆ ಮರೆತುಹೋಗುತ್ತದೆ.

ವಿಚಾರಣೆ ಮತ್ತು ರಾಜಿ

ಅರ್ಜಿಗೆ ನ್ಯಾಯಮಂಡಳಿಯ ಎಂವಿಸಿ (ಪ್ರಕರಣದ) ನಂಬರ್ ಬಿದ್ದು ನೋಟಿಸು ಜಾರಿಯಾದ ಮೇಲೆ ಕಂಪನಿಯ ಆಕ್ಷೇಪಣೆ, ವಿವಾದಾಂಶ (ತೀರ್ಮಾನಿಸಬೇಕಾದ ಪ್ರಶ್ನೆಗಳು), ನಿಮ್ಮ ಅಫಿಡವಿಟ್, ಪಾಟಿ ಸವಾಲು ಹೀಗೆ ಸಾಗುತ್ತದೆ. ಎಫ್‌ಐಆರ್, ಮಹಜರು, ನಕ್ಷೆ, ಐಎಂವಿ ವರದಿ, ಗಾಯದ ಪ್ರಮಾಣಪತ್ರ ಅಥವಾ ಮರಣೋತ್ತರ ವರದಿ, ಚಾರ್ಜ್‌ಶೀಟ್ ಇವುಗಳ ದೃಢೀಕೃತ ನಕಲು ಬೇಕು. ಕ್ರಿಮಿನಲ್ ಪ್ರಕರಣದಂತೆ ಸಂಶಯಾತೀತ ಪುರಾವೆ ಇಲ್ಲಿ ಬೇಕಿಲ್ಲ, ಹೀಗೇ ಆಗಿರಬಹುದು ಎಂಬ ಸಂಭವದ ತೂಕ ನಿಮ್ಮ ಕಡೆ ವಾಲಿದರೆ ಸಾಕು. ಚಾಲಕ ಕ್ರಿಮಿನಲ್ ಕೇಸಿನಲ್ಲಿ ಬಿಡುಗಡೆಯಾದ ಎಂದು ಪರಿಹಾರ ತಪ್ಪುವುದಿಲ್ಲ.

ಪಾಟಿ ಸವಾಲಿನಲ್ಲಿ ಹೆಲ್ಮೆಟ್, ಲೈಸೆನ್ಸ್, ಬೈಕಿನಲ್ಲಿ ಮೂವರು ಎಂಬ ಪ್ರಶ್ನೆಗಳು ಬರುತ್ತವೆ. ನಿಜ ಹೇಳಿ. ಲೈಸೆನ್ಸ್ ಇರಲಿಲ್ಲ ಎಂಬುದೊಂದೇ ಅಪಘಾತಕ್ಕೆ ನಿಮ್ಮ ಪಾಲಿನ ತಪ್ಪನ್ನು ಸಾಬೀತು ಮಾಡುವುದಿಲ್ಲ, ಆದರೆ ಸುಳ್ಳು ಹೇಳಿ ಸಿಕ್ಕಿಬಿದ್ದರೆ ಉಳಿದ ಮಾತೂ ಬೆಲೆ ಕಳೆದುಕೊಳ್ಳುತ್ತದೆ. ಬೈಕಿನ ಹಿಂದೆ ಕೂತವರು, ಕಾರಿನ ಪ್ರಯಾಣಿಕರು ಇನ್ನೊಂದನ್ನು ತಿಳಿದಿರಬೇಕು: ಎರಡೂ ವಾಹನದ ಚಾಲಕರ ತಪ್ಪಿದ್ದರೂ ಪೂರ್ತಿ ಪರಿಹಾರವನ್ನು ಲಾರಿಯ ಕಡೆಯಿಂದಲೇ ವಸೂಲು ಮಾಡುವ ಹಕ್ಕು ಅವರಿಗಿದೆ. ತಪ್ಪಿನ ಪಾಲು ಹಂಚಿಕೆ ಆ ಇಬ್ಬರ ನಡುವಿನ ವ್ಯವಹಾರ.

ಕಂಪನಿಯ ರಾಜಿ ಪ್ರಸ್ತಾವ ಬಂದರೆ ಮೇಲಿನ ಸೂತ್ರದಲ್ಲಿ ಲೆಕ್ಕ ಹಾಕಿಕೊಂಡೇ ಲೋಕ ಅದಾಲತ್ತಿಗೆ ಹೋಗಿ. ಅಲ್ಲಿ ಆದ ತೀರ್ಮಾನಕ್ಕೆ ಮೇಲ್ಮನವಿ ಇಲ್ಲ. ವಯಸ್ಸು, ಆದಾಯದಲ್ಲಿ ತಕರಾರಿಲ್ಲದ ಪ್ರಕರಣದಲ್ಲಿ ಸ್ವಲ್ಪ ಕಡಿಮೆಗೆ ಬೇಗ ಮುಗಿಸುವುದು ತಪ್ಪಲ್ಲ. ಊನದ ಮೌಲ್ಯಮಾಪನವೇ ಆಗದ ಗಾಯಾಳು ಮಾತ್ರ ರಾಜಿಗೆ ಕೂರಬಾರದು.

ಆದೇಶದ ನಂತರ

ಆದೇಶವಾಗಿ 30 ದಿನಗಳೊಳಗೆ ಹಣ ಜಮೆಯಾಗಬೇಕು. ಆಗದಿದ್ದರೆ ಅಮಲ್ಜಾರಿ ಅರ್ಜಿ ಹಾಕಿ. ಮೊತ್ತ ಕಡಿಮೆಯೆನಿಸಿದರೆ 90 ದಿನಗಳೊಳಗೆ ಹೈಕೋರ್ಟಿಗೆ ಮೇಲ್ಮನವಿ ಸಲ್ಲಿಸಬಹುದು, ವಿವಾದದ ಮೊತ್ತ ಒಂದು ಲಕ್ಷಕ್ಕಿಂತ ಕಡಿಮೆಯಿದ್ದರೆ ಆಗದು. ಕಂಪನಿ ಮೇಲ್ಮನವಿ ಹೋದರೆ ನೀವೂ ಅಲ್ಲಿ ಹಾಜರಾಗಬೇಕು, ಇಲ್ಲದಿದ್ದರೆ ನಿಮ್ಮ ಬೆನ್ನ ಹಿಂದೆಯೇ ಮೊತ್ತ ಇಳಿಯಬಹುದು.

ಲಾರಿಗೆ ವಿಮೆಯೇ ಇಲ್ಲದಿದ್ದರೆ ಹಣ ಬರಬೇಕಾದದ್ದು ಮಾಲೀಕರಿಂದ. ಆಗ ಠಾಣೆಯಲ್ಲಿರುವ ಲಾರಿ ಬಿಡುಗಡೆಯಾಗುವ ಮುನ್ನವೇ ಭದ್ರತೆ ಕೇಳಿ ಅರ್ಜಿ ಹಾಕಬೇಕು. ಲಾರಿ ಹೋದ ಮೇಲೆ ಹಿಡಿದುಕೊಳ್ಳಲು ಬೇರೇನೂ ಉಳಿದಿರುವುದಿಲ್ಲ.

ಅಪ್ರಾಪ್ತ ಮಕ್ಕಳ ಪಾಲನ್ನು ಅವರಿಗೆ 18 ತುಂಬುವವರೆಗೆ ರಾಷ್ಟ್ರೀಕೃತ ಬ್ಯಾಂಕಿನಲ್ಲಿ ಠೇವಣಿ ಇಡಲು ನ್ಯಾಯಮಂಡಳಿ ಆದೇಶಿಸುತ್ತದೆ. ಮಗುವಿನ ಹೆಸರು, ಜನ್ಮದಿನಾಂಕ ಶಾಲೆಯ ದಾಖಲೆ, ಆಧಾರ್, ಅರ್ಜಿ ಮೂರರಲ್ಲೂ ಒಂದೇ ಇದೆಯೇ ಎಂದು ಅರ್ಜಿ ಹಾಕುವ ದಿನವೇ ನೋಡಿಬಿಡಿ. ಒಂದಕ್ಷರ ಬೇರೆಯಿದ್ದರೂ ಠೇವಣಿ ಬಿಡಿಸಿಕೊಳ್ಳಲು ಮತ್ತೆ ಕೋರ್ಟಿಗೆ ಅಲೆಯಬೇಕಾಗುತ್ತದೆ. ಓದಿಗೋ ಆಸ್ಪತ್ರೆಗೋ ನಡುವೆ ಹಣ ಬೇಕಾದರೆ ಠೇವಣಿಯ ಒಂದು ಭಾಗ ಬಿಡುಗಡೆ ಮಾಡಿ ಎಂದು, ಶುಲ್ಕದ ರಸೀದಿ ಅಥವಾ ಡಾಕ್ಟರ ಪತ್ರ ಲಗತ್ತಿಸಿ, ಅದೇ ನ್ಯಾಯಮಂಡಳಿಗೆ ಅರ್ಜಿ ಕೊಡಬಹುದು.